ಮಳೆಗಾಲದಲ್ಲಿ ಫೋನ್ ಸತ್ತಾಗ: ನಮ್ಮೂರಿಗೆ ಹ್ಯಾಮ್ ರೇಡಿಯೋ ಹಾಕಬಹುದಾ?

ಭದ್ರಾದಂಡೆ
ಸೆಪ್ಟೆಂಬರ್ 14, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ಕಳಸದಿಂದ ಸ್ವಲ್ಪ ಒಳಗೆ, ಗುಡ್ಡದ ಮಗ್ಗುಲಲ್ಲಿರೋ ಊರು. ಹನ್ನೆರಡು ಮನೆ. ಅಡಿಕೆ, ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು. ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿಯುವ ಚಿತ್ರ ಮಳೆಗಾಲದಲ್ಲಿ ಟಿವಿಯಲ್ಲಿ ನೋಡಿರುತ್ತೀರಿ. ಆ ಸೇತುವೆ ಮುಳುಗಿತು ಅಂದರೆ ಹೊರನಾಡಿನ ಕಡೆ ದಾರಿ ಬಂದ್.

ಈ ಸಲ ನಮ್ಮಲ್ಲಿ ಐದು ದಿನ ಕರೆಂಟ್ ಇರಲಿಲ್ಲ. ನಾಲ್ಕು ದಿನ ಯಾವ ಕಂಪನಿಯ ಸಿಗ್ನಲ್ಲೂ ಇರಲಿಲ್ಲ. ಅದೇ ಹೊತ್ತಲ್ಲಿ ಪಕ್ಕದ ಮನೆ ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟ ಅಲ್ಲಾಡಿಸೋಕೂ ಆಗಲಿಲ್ಲ. ನಾನು ಫೋನ್ ಹಿಡಿದು ಗುಡ್ಡದ ನೆತ್ತಿವರೆಗೂ ಹತ್ತಿದೆ. ಅಲ್ಲಿ ಯಾವಾಗಲೂ ಎರಡು ಕಡ್ಡಿ ಸಿಗುತ್ತಿತ್ತು, ಆವತ್ತು ಅದೂ ಇಲ್ಲ. ಕೊನೆಗೆ ಕಂಬಳಿಗೆ ಎರಡು ಬಿದಿರು ಕಟ್ಟಿ ನಾಲ್ಕು ಜನ ಹೊತ್ತೆವು. ಧರೆ ಬಿದ್ದ ಜಾಗ ದಾಟಿಸಿ, ಆಚೆ ಕಡೆ ಸಿಕ್ಕ ಜೀಪಿಗೆ ಹತ್ತಿಸಿದೆವು. ಆಚೆ ಕಡೆ ಜೀಪು ಸಿಕ್ಕಿದ್ದು ನಮ್ಮ ಪುಣ್ಯ, ಅಷ್ಟೇ. ಅವರು ಈಗ ವಾಕರ್ ಹಿಡಿದು ನಡೆಯುತ್ತಾರೆ.

ಬೆಂಗಳೂರಲ್ಲಿರೋ ತಮ್ಮ ಹೇಳಿದ, "ಅಣ್ಣಾ, ಹ್ಯಾಮ್ ರೇಡಿಯೋ ಅಂತ ಇದೆ, ಟವರ್ ಬೇಡ." ನನಗೆ ವಿಷಯ ಏನೂ ಗೊತ್ತಿಲ್ಲ. ಇದು ನಮ್ಮಂಥ ಕಣಿವೆಯಲ್ಲಿ ಕೆಲಸ ಮಾಡುತ್ತಾ? ಎಷ್ಟು ಓದಬೇಕು? ಮತ್ತೆ, ಆ ಕಡೆಯಿಂದ ಕೇಳಿಸಿಕೊಳ್ಳೋರು ಯಾರು?

---

ಆಂಟೆನಾ_ಜಯನಗರ
ಸೆಪ್ಟೆಂಬರ್ 14, ರಾತ್ರಿ 10:45

ನಮಸ್ಕಾರ ಸಾರ್. ದೊಡ್ಡಮ್ಮ ಚೇತರಿಸಿಕೊಂಡಿದ್ದು ಕೇಳಿ ಸಮಾಧಾನ ಆಯ್ತು. ನಾನು ಇಪ್ಪತ್ತೆರಡು ವರ್ಷದಿಂದ ಹ್ಯಾಮ್, ಅಂದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋನು. ನಿಮ್ಮ ಕೊನೆಯ ಪ್ರಶ್ನೆಯೇ ದೊಡ್ಡದು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಣಿವೆ ವಿಷಯ. ಕೈಯಲ್ಲಿ ಹಿಡಿಯೋ ಸಣ್ಣ ಸೆಟ್ ಇದೆಯಲ್ಲ, ನಾವು ಹ್ಯಾಂಡಿ ಅಂತೀವಿ. ಅದು ಸಾಮಾನ್ಯವಾಗಿ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತೆ. ಈ ಅಲೆ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಚೆನ್ನಾಗಿ ಹೋಗುತ್ತೆ, ಮಧ್ಯೆ ಗುಡ್ಡ ಬಂದರೆ ಮುಗೀತು. ಗುಡ್ಡದ ತುದಿಯಲ್ಲಿ ರಿಪೀಟರ್ ಇದ್ದರೆ ಅದು ಎತ್ತಿಕೊಂಡು ಆಚೆಗೆ ದಾಟಿಸುತ್ತೆ. ಆದರೆ ರಿಪೀಟರ್‌ಗೂ ಕರೆಂಟ್ ಬೇಕು, ನೋಡಿಕೊಳ್ಳೋ ಜನ ಬೇಕು.

ನಿಮ್ಮ ಜಾಗಕ್ಕೆ ಬೇಕಾಗಿರೋದು 40 ಮೀಟರ್ ಬ್ಯಾಂಡ್, ಅಂದರೆ 7 ಮೆಗಾಹರ್ಟ್ಸ್. ಇದಕ್ಕೆ ಆಂಟೆನಾ ತಂತಿಯನ್ನು ತೀರಾ ಎತ್ತರಕ್ಕೆ ಕಟ್ಟಬಾರದು. ನಾಲ್ಕೈದು ಮೀಟರ್ ಎತ್ತರದಲ್ಲಿ ಅಡ್ಡ ಎಳೆದರೆ ಅಲೆ ಬಹುತೇಕ ನೇರ ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ (ಬಹಳ ಎತ್ತರದಲ್ಲಿ ಅಲೆಯನ್ನು ವಾಪಸ್ ಕಳಿಸುವ ಗಾಳಿಯ ಪದರ) ತಾಗಿ, ಬಿಡಿಸಿದ ಕೊಡೆಯ ಹಾಗೆ ಸುತ್ತಲೂ ಇಳಿಯುತ್ತೆ. ಗುಡ್ಡ ಅಡ್ಡ ಬರೋ ಪ್ರಶ್ನೆಯೇ ಇಲ್ಲ, ಯಾಕಂದರೆ ಅದು ಗುಡ್ಡದ ಮೇಲಿಂದ ಬರುತ್ತೆ. ಹಗಲು ಹೊತ್ತು ಮೂರು ನಾಲ್ಕು ನೂರು ಕಿಲೋಮೀಟರ್ ಒಳಗೆ ಎಲ್ಲರಿಗೂ ಕೇಳುತ್ತೆ. ಕಳಸದಿಂದ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಎಲ್ಲ ಅದರೊಳಗೇ ಬಂತು. ರಾತ್ರಿಯಾದಂತೆ 40 ಮೀಟರ್‌ನಲ್ಲಿ ಹತ್ತಿರದವರು ಮಾಯವಾಗಿ ದೂರದವರು ಕೇಳೋಕೆ ಶುರು ಆಗುತ್ತಾರೆ. ಆಗ 80 ಮೀಟರ್ ಬ್ಯಾಂಡ್‌ಗೆ ಇಳಿಯಬೇಕು.

ತಂತಿ ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ ಒಟ್ಟು 20 ಮೀಟರ್ ಬರುತ್ತೆ. ಮಧ್ಯೆ ಕತ್ತರಿಸಿ ಎರಡು ಕಡೆ 10 ಮೀಟರ್. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಇರುತ್ತಲ್ಲ, ಅದಕ್ಕಿಂತ ಒಳ್ಳೆ ಕಂಬ ನಮ್ಮ ಬೆಂಗಳೂರಿನ ತಾರಸಿಯಲ್ಲಿ ಸಿಗಲ್ಲ. ಒಂದು ಮಾತು ಮಾತ್ರ ನೆನಪಿಡಿ. ಎರಡು ಕಡೆಯೂ ಬಿಗಿಯಾಗಿ ಕಟ್ಟಬೇಡಿ. ಗಾಳಿಗೆ ಮರ ತೂಗಿದಾಗ ತಂತಿ ಕಡಿದು ಹೋಗುತ್ತೆ. ಒಂದು ಕಡೆ ಹಗ್ಗವನ್ನು ರಾಟೆ ಮೇಲೆ ಹಾಯಿಸಿ, ಮರಳು ತುಂಬಿದ ಕ್ಯಾನ್ ಒಂದನ್ನು ತೂಗುಬಿಡಿ. ಮರ ಆಡಿದರೆ ಕ್ಯಾನ್ ಮೇಲೆ ಕೆಳಗೆ ಆಡುತ್ತೆ, ತಂತಿ ಉಳಿಯುತ್ತೆ.

ಪರೀಕ್ಷೆ: ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್, ಅಂದರೆ ಚುಕ್ಕೆ-ಗೆರೆಯ ಸಂಕೇತ, ಇಲ್ಲ. ರೇಡಿಯೋ ಸಿದ್ಧಾಂತ ಮತ್ತು ನಿಯಮಗಳ ಒಂದು ಪತ್ರಿಕೆ ಅಷ್ಟೇ. ಆ ದರ್ಜೆಯವರ ಕರೆಹೆಸರು (ರೇಡಿಯೋದಲ್ಲಿ ಪ್ರತಿ ಹ್ಯಾಮ್‌ನ ಗುರುತು) ವಿಯು3 ಅಂತ ಶುರುವಾಗುತ್ತೆ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಬೇಕು, ಅವರು ವಿಯು2. ಪೊಲೀಸ್ ಪರಿಶೀಲನೆ ಇರುತ್ತೆ. ಸಮಯ ಹಿಡಿಯುತ್ತೆ, ಬೇಜಾರಾಗಬೇಡಿ.

ದಯವಿಟ್ಟು ಲೈಸೆನ್ಸ್ ಬರೋ ಮೊದಲು ಆನ್‌ಲೈನ್‌ನಲ್ಲಿ ಅಗ್ಗದ ಹ್ಯಾಂಡಿ ತರಿಸಬೇಡಿ. ಅದು ಕಾನೂನಿಗೆ ವಿರುದ್ಧ. ಅಂಥ ಸೆಟ್‌ಗಳನ್ನು ಲೈಸೆನ್ಸ್ ವಿಷಯ ತಿಳಿಸದೆ ಮಾರುತ್ತಿದ್ದಾರೆ ಅಂತ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಗೆ ನೋಟಿಸನ್ನೂ ಕೊಟ್ಟಿತ್ತು. ಪಕ್ಕದ ಮನೆ, ತೋಟದ ಆ ತುದಿ ಈ ತುದಿ ಮಾತಾಡೋಕೆ ಮಾತ್ರ ಬೇಕಿದ್ದರೆ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ವಾಕಿಟಾಕಿ ಇದೆ. ಅದಕ್ಕೆ ಲೈಸೆನ್ಸ್ ಬೇಡ.

---

ಬೆಳ್ಳಂದೂರು_ಕೋಡರ್
ಸೆಪ್ಟೆಂಬರ್ 15, ಬೆಳಿಗ್ಗೆ 8:20

ಯಾರ ಮನಸ್ಸೂ ನೋಯಿಸೋಕೆ ಹೇಳ್ತಿಲ್ಲ. ಆದರೆ ಈ ಕಾಲದಲ್ಲಿ ಇದು ಬೇಕಾ? ಉಪಗ್ರಹದಿಂದ ಇಂಟರ್ನೆಟ್ ಕೊಡೋ ಸ್ಟಾರ್‌ಲಿಂಕ್‌ಗೆ 2025ರಲ್ಲಿ ಲೈಸೆನ್ಸ್ ಸಿಕ್ಕಿದೆ. ಸ್ಯಾಟಲೈಟ್ ಫೋನ್ ಇದೆ. ವಿಪತ್ತಿಗೆ ಅಂತಲೇ ಕೇಂದ್ರದ ರಕ್ಷಣಾ ಪಡೆ ಎನ್‌ಡಿಆರ್‌ಎಫ್ ಇದೆ. ಊರಿನವರು ಪರೀಕ್ಷೆ ಬರೆದು, ತಂತಿ ಕಟ್ಟಿ, ವರ್ಷಗಟ್ಟಲೆ ಕಲಿಯೋದು ಸುಮ್ನೆ ಶ್ರಮ ಅಲ್ವಾ?

---

ಆಂಟೆನಾ_ಜಯನಗರ
ಸೆಪ್ಟೆಂಬರ್ 15, ಬೆಳಿಗ್ಗೆ 9:35

ಕೇಳಲೇಬೇಕಾದ ಪ್ರಶ್ನೆ ಇದು. ಉಪಗ್ರಹ ಬರಲಿ, ನನಗೂ ಸಂತೋಷ. ಜಿಲ್ಲಾ ಕೇಂದ್ರದಲ್ಲಿ ಅದು ಇರಲೇಬೇಕು. ಸದ್ಯಕ್ಕೆ ಸ್ಯಾಟಲೈಟ್ ಫೋನನ್ನು ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ, ಅದು ಬೇರೆ ಮಾತು.

ವ್ಯತ್ಯಾಸ ಇರೋದು ಇಲ್ಲಿ. ಫೋನ್‌ನಲ್ಲಿ ಇಬ್ಬರು ಮಾತಾಡಿದರೆ ಇಬ್ಬರಿಗೇ ಗೊತ್ತು. ರೇಡಿಯೋದಲ್ಲಿ ಒಬ್ಬ ಮಾತಾಡಿದರೆ ಆ ತರಂಗದಲ್ಲಿರೋ ಎಲ್ಲರಿಗೂ ಗೊತ್ತು. ಕಳಸದವರು "ಸೇತುವೆ ಮುಳುಗಿತು" ಅಂದರೆ ಮೂಡಿಗೆರೆಯಲ್ಲಿ ಸೆಟ್ ಇಟ್ಟುಕೊಂಡು ಕೂತವರಿಗೂ, ಚಿಕ್ಕಮಗಳೂರಿನ ಕಂಟ್ರೋಲ್ ರೂಮಿಗೂ ಒಂದೇ ಸಲಕ್ಕೆ ಮಾತು ಮುಟ್ಟಬಹುದು. ಯಾರಿಗೂ ನಂಬರ್ ಒತ್ತುವ ಅಗತ್ಯ ಇಲ್ಲ.

ಇನ್ನೊಂದು ಕಥೆ ಹೇಳಬೇಕು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅನ್ನೋ ಹ್ಯಾಮ್ ಅವರ ತಂಡ ಅಂಡಮಾನ್‌ಗೆ ಹೋಗಿತ್ತು. ಅವರು ಹೋಗಿದ್ದು ವಿಪತ್ತಿಗೆ ಅಲ್ಲ. ಅಂಡಮಾನ್‌ನಿಂದ ಹ್ಯಾಮ್ ದನಿ ಕೇಳಿ ವರ್ಷಗಳೇ ಆಗಿದ್ದವು, ಪ್ರಪಂಚದ ಹ್ಯಾಮ್‌ಗಳು ಆ ದ್ವೀಪವನ್ನು ರೇಡಿಯೋದಲ್ಲಿ ಒಂದು ಸಲ ಹಿಡಿಯೋಕೆ ಕಾದಿದ್ದರು. ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಅನ್ನೋ ಕರೆಹೆಸರಲ್ಲಿ ದಿನಾ ಸಾವಿರಾರು ಸಂಪರ್ಕ ಮಾಡುತ್ತಿದ್ದರು. 26ರ ಬೆಳಿಗ್ಗೆ ನೆಲ ನಡುಗಿತು. ಅದನ್ನವರು ಆಗಲೇ ರೇಡಿಯೋದಲ್ಲೇ ಹೇಳಿದರು. ಸುನಾಮಿ ಬಂತು, ಫೋನ್ ಹೋಯ್ತು. ಆಟಕ್ಕೆ ಅಂತ ಕಟ್ಟಿದ್ದ ಆಂಟೆನಾಗಳೇ ಮುಂದಿನ ದಿನಗಳಲ್ಲಿ "ನಮ್ಮವರು ಬದುಕಿದ್ದಾರಾ" ಅನ್ನೋ ಸಂದೇಶ ಸಾಗಿಸಿದವು. ಕಾರ್ ನಿಕೋಬಾರ್‌ಗೂ ಒಂದು ಸ್ಟೇಷನ್ ಹೋಯ್ತು.

ನಾನು ಇದನ್ನು ಹೇಳೋದು ಯಾಕೆ ಗೊತ್ತಾ? ಆವತ್ತು ಅವರಿಗೆ ಕೈ ಪಳಗಿತ್ತು. ಹಿಂದಿನ ದಿನವೂ ಅದೇ ಕುರ್ಚಿ, ಅದೇ ಮೈಕ್. ಸೆಟ್ಟನ್ನು ಬೀರುವಿನಲ್ಲಿಟ್ಟು ವಿಪತ್ತಿನ ದಿನ ತೆಗೆದರೆ ಬ್ಯಾಟರಿ ಸತ್ತಿರುತ್ತೆ, ಕೇಬಲ್ಲಿಗೆ ನೀರು ಇಳಿದಿರುತ್ತೆ, ಆ ಕಡೆ ಯಾರೂ ಇರಲ್ಲ. ಭದ್ರಾದಂಡೆ ಸಾರ್ ಕೇಳಿದ "ಕೇಳಿಸಿಕೊಳ್ಳೋರು ಯಾರು" ಅನ್ನೋದಕ್ಕೆ ನನ್ನ ಉತ್ತರ ಇದೇ. ನೀವು ದಿನಾ ಬಂದರೆ ದಿನಾ ಕೇಳೋರು ಇರುತ್ತಾರೆ.

---

ಮಡಿಕೇರಿ_ಟೀಚರ್
ಸೆಪ್ಟೆಂಬರ್ 15, ಸಂಜೆ 6:50

ನಾನು ಹ್ಯಾಮ್ ಅಲ್ಲ. ಸಂದೇಶ ಕೊಟ್ಟವಳು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಬೆಟ್ಟ ಜರಿದಾಗ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆಯಿಂದ ಜನ ಉಟ್ಟ ಬಟ್ಟೆಯಲ್ಲೇ ಇಳಿದು ಬಂದರು. ಜೋಡುಪಾಲದ ಹತ್ತಿರ ಮಂಗಳೂರು ರಸ್ತೆಯೇ ಕಿತ್ತು ಹೋಗಿತ್ತು. ಶಾಲೆ, ಮಂಟಪ ಎಲ್ಲ ಕಡೆ ಪರಿಹಾರ ಕೇಂದ್ರ. ನಾನಿದ್ದ ಕೇಂದ್ರಕ್ಕೆ ಒಬ್ಬ ಹುಡುಗ ವೈರ್‌ಲೆಸ್ ಸೆಟ್ ತಗೊಂಡು ಬಂದ. ಕಿಟಕಿಯಿಂದ ತಂತಿ ಎಳೆದು, ಕಾರಿನ ಬ್ಯಾಟರಿ ಇಟ್ಟು, ಬೆಂಚಿನ ಮೇಲೆ ಕೂತ.

ರಾತ್ರಿ ಚಳಿ. ವಯಸ್ಸಾದವರು, ಮಕ್ಕಳು ಜಾಸ್ತಿ ಇದ್ದರು. ನಾನು ಎಣಿಸಿ ಹೇಳಿದೆ, "ಎಪ್ಪತ್ತು ಹೊದಿಕೆ ಬೇಕು." ಅವನೂ ಹಾಗೇ ಹೇಳಿದ. ರಾತ್ರಿ ಹನ್ನೊಂದಕ್ಕೆ ಜೀಪ್ ಬಂತು. ಒಳಗೆ ಇಪ್ಪತ್ತು ಹೊದಿಕೆ.

ಯಾರದ್ದೂ ತಪ್ಪಲ್ಲ. ಆ ಗರಗರ ಶಬ್ದದಲ್ಲಿ ಎಪ್ಪತ್ತು, ಇಪ್ಪತ್ತು ಒಂದೇ ಥರ ಕೇಳುತ್ತೆ. ನೀವೇ ಬಾಯಿಬಿಟ್ಟು ಹೇಳಿ ನೋಡಿ. ಮೊದಲ ಅಕ್ಷರ ನುಂಗಿದರೆ ಉಳಿಯೋದು "ಪ್ಪತ್ತು" ಅಷ್ಟೇ. ಆ ರಾತ್ರಿ ಇಬ್ಬಿಬ್ಬರು ಮಕ್ಕಳಿಗೆ ಒಂದು ಹೊದಿಕೆ ಹಾಕಿದೆವು. ದೊಡ್ಡವರು ಹೊದಿಕೆ ಇಲ್ಲದೇ ಕೂತರು. ಮರುದಿನದಿಂದ ಆ ಹುಡುಗ "ಏಳು ಸೊನ್ನೆ, ಏಳು ಸೊನ್ನೆ" ಅಂತ ಬಿಡಿಬಿಡಿಯಾಗಿ ಎರಡು ಸಲ ಹೇಳೋಕೆ ಶುರು ಮಾಡಿದ. ಆ ಕಡೆಯವರು ತಿರುಗಿ ಹೇಳುವವರೆಗೂ ಬಿಡುತ್ತಿರಲಿಲ್ಲ. ಆಮೇಲೆ ಒಂದೂ ತಪ್ಪಾಗಲಿಲ್ಲ.

ನಮ್ಮೂರಿನ ಹೆಸರುಗಳೂ ಹಾಗೇ. ಮಕ್ಕಂದೂರು, ಮುಕ್ಕೋಡ್ಲು ಎರಡೂ ಮಡಿಕೇರಿ ಕಡೆಯವು. ಹೊರಗಿನಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು?

---

ನಿವೃತ್ತ_ವೈರ್‌ಲೆಸ್
ಸೆಪ್ಟೆಂಬರ್ 15, ರಾತ್ರಿ 8:30

ಟೀಚರಮ್ಮ ಹೇಳಿದ್ದು ನೂರಕ್ಕೆ ನೂರು ಸತ್ಯ. ನಾನು ಮೂವತ್ತು ವರ್ಷ ಪೊಲೀಸ್ ವೈರ್‌ಲೆಸ್‌ನಲ್ಲಿ ಕೂತವನು. ಹೊಸಬರಿಗೆ ನಾನು ಮೊದಲು ಮೈಕ್ ಕೊಡುತ್ತಿರಲಿಲ್ಲ, ಪೆನ್ನು ಕೊಡುತ್ತಿದ್ದೆ.

ಬರೆದುಕೊಳ್ಳದೆ ಮಾತಾಡಬೇಡಿ. ಸಂದೇಶಕ್ಕೆ ನಂಬರ್ ಹಾಕಿ. ಸಮಯ, ಯಾರಿಂದ, ಯಾರಿಗೆ, ಏನು, ಇಷ್ಟು ಒಂದು ಹಾಳೆಯಲ್ಲಿರಲಿ. ಬಟನ್ ಒತ್ತಿದ ತಕ್ಷಣ ಬಾಯಿ ತೆರೆಯಬೇಡಿ. ಒತ್ತಿ, ಒಂದು ಉಸಿರು ಬಿಟ್ಟು, ಆಮೇಲೆ ಮಾತು. ಇಲ್ಲದಿದ್ದರೆ ಮೊದಲ ಅಕ್ಷರ ಹೋಗಿಯೇ ಹೋಗುತ್ತೆ. "ಬೇಡ, ಕಳಿಸಬೇಡಿ" ಅನ್ನೋದರಲ್ಲಿ "ಬೇಡ" ಹೋದರೂ ಅರ್ಥ ಉಳಿಯುತ್ತೆ. "ಎಪ್ಪತ್ತು" ಅನ್ನೋದರಲ್ಲಿ "ಎ" ಹೋದರೆ ಏನಾಗುತ್ತೆ ಅಂತ ಮೇಲೆ ನೋಡಿದಿರಿ.

ಮಾತು ಮುಗಿದ ಮೇಲೆ ಆ ಕಡೆಯವರು ಪೂರ್ತಿ ತಿರುಗಿ ಓದಲಿ. ಬರೀ "ರಾಜರ್" (ಕೇಳಿಸಿತು) ಅಂದರೆ ಒಪ್ಪಬೇಡಿ.

ಮತ್ತೊಂದು, ಇದು ತುಂಬಾ ಮುಖ್ಯ. ರೇಡಿಯೋದಲ್ಲಿ ಗುಟ್ಟು ಅನ್ನೋದೇ ಇಲ್ಲ. ಯಾರು ಬೇಕಾದರೂ ಕೇಳುತ್ತಿರುತ್ತಾರೆ. ತೀರಿಹೋದವರ ಹೆಸರನ್ನು ಗಾಳಿಯಲ್ಲಿ ಹೇಳಬೇಡಿ. ಮನೆಯವರು ಅದನ್ನು ಹಾಗೆ ಕೇಳಿಸಿಕೊಳ್ಳಬಾರದು. ಹೇಗೆ ತಿಳಿಸಬೇಕು ಅನ್ನೋದನ್ನು ಅಧಿಕಾರಿಗಳ ಜೊತೆ ಮೊದಲೇ ಮಾತಾಡಿಕೊಂಡಿರಿ.

---

ಆಂಟೆನಾ_ಜಯನಗರ
ಸೆಪ್ಟೆಂಬರ್ 15, ರಾತ್ರಿ 9:15

ನಿವೃತ್ತ ಸಾರ್ ಹೇಳಿದ್ದನ್ನು ನಾನು ಪ್ರಿಂಟ್ ತೆಗೆದು ಸೆಟ್ ಪಕ್ಕ ಅಂಟಿಸುತ್ತೇನೆ. ಒಂದು ಸೇರಿಸುತ್ತೇನೆ: ಮಾಮೂಲಿ ದಿನಗಳಲ್ಲಿ ಹ್ಯಾಮ್‌ಗಳು ಬೇರೆಯವರ ಸಂದೇಶ ಸಾಗಿಸುವಂತಿಲ್ಲ. ವಿಪತ್ತಿನಲ್ಲಿ ಮಾಮೂಲಿ ಸಂಪರ್ಕ ಕಡಿದಾಗ ಅದಕ್ಕೆ ಅವಕಾಶ ಇದೆ. ಹಾಗಾಗಿ ಮೊದಲೇ ತಹಶೀಲ್ದಾರರ ಕಚೇರಿಗೆ ಹೋಗಿ, ಪರಿಚಯ ಮಾಡಿಕೊಂಡು, ಒಂದು ಅರ್ಜಿ ಕೊಟ್ಟು ಬನ್ನಿ. ವಿಪತ್ತಿನ ದಿನ ಗೇಟಿನಲ್ಲಿ ನಿಂತು "ನಾನು ಹ್ಯಾಮ್" ಅಂದರೆ ಯಾರಿಗೂ ಅರ್ಥ ಆಗಲ್ಲ. ನನಗೆ ಒಂದು ಕಡೆ ಹಾಗೇ ಆಗಿತ್ತು, ಮೂರು ಗಂಟೆ ಹೊರಗೆ ಕಾದೆ. ಒಳಗಿದ್ದವರನ್ನು ದೂರಲ್ಲ, ಅವರಿಗೆ ನನ್ನ ಮುಖವೇ ಗೊತ್ತಿರಲಿಲ್ಲ.

---

ಕರಾವಳಿ_ಹುಡುಗಿ
ಸೆಪ್ಟೆಂಬರ್ 16, ಮಧ್ಯಾಹ್ನ 1:05

ಊರಿನ ಹೆಸರು ಬಿಡಿಸಿ ಹೇಳೋಕೆ ಎ ಅಕ್ಷರಕ್ಕೆ ಆಲ್ಫಾ, ಬಿ ಅಕ್ಷರಕ್ಕೆ ಬ್ರಾವೋ ಅನ್ನೋ ಬದಲು ಕನ್ನಡದ್ದೇ ಯಾಕೆ ಬಳಸಬಾರದು? ಕರೆಹೆಸರು ಇಂಗ್ಲಿಷ್ ಅಕ್ಷರದಲ್ಲಿರುತ್ತೆ, ಅದಕ್ಕೆ ಆಲ್ಫಾ ಬ್ರಾವೋ ಸರಿ. ಆದರೆ "ಮುಕ್ಕೋಡ್ಲು" ಅನ್ನೋದನ್ನು ಇಂಗ್ಲಿಷಲ್ಲಿ ಬಿಡಿಸಿ ಹೇಳೋಕೆ ಹೋದರೆ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗ್ ಹೇಳುತ್ತಾರೆ. "ಕಮಲದ ಕ, ಗಣಪತಿಯ ಗ" ಅಂತ ನಮ್ಮಜ್ಜಿ ಟ್ರಂಕ್ ಕಾಲ್‌ನಲ್ಲಿ ಹೇಳುತ್ತಿದ್ದರಂತೆ. ನಾನು ವಿಯು3, ಮಂಗಳೂರಲ್ಲಿ ಓದುತ್ತಿದ್ದೇನೆ. ನಮ್ಮ ಗೆಳೆಯರ ಬಳಗದಲ್ಲಿ ಪ್ರಯತ್ನ ಮಾಡಿದ್ವಿ. ಮ ಅಕ್ಷರಕ್ಕೆ ಮಲ್ಲಿಗೆ, ನ ಅಕ್ಷರಕ್ಕೆ ನವಿಲು ಅಂತ ಇಟ್ಟುಕೊಂಡ್ವಿ. ಗಲಾಟೆಯಲ್ಲೂ ಚೆನ್ನಾಗಿ ಕೇಳುತ್ತೆ.

---

ನಿವೃತ್ತ_ವೈರ್‌ಲೆಸ್
ಸೆಪ್ಟೆಂಬರ್ 16, ಮಧ್ಯಾಹ್ನ 2:40

ಒಳ್ಳೆ ಯೋಚನೆ ಮಗಳೇ. ಆದರೆ ಎಲ್ಲರೂ ಒಂದೇ ಪಟ್ಟಿ ಇಟ್ಟುಕೊಳ್ಳಬೇಕು. ಒಬ್ಬರು ಮಲ್ಲಿಗೆ, ಇನ್ನೊಬ್ಬರು ಮಾವು ಅಂದರೆ ಕಷ್ಟ. ಅದಕ್ಕಿಂತ ಸುಲಭದ್ದು ಹೇಳಲಾ? ಊರಿನ ಹೆಸರಿನ ಜೊತೆ ಗ್ರಾಮ ಪಂಚಾಯಿತಿ, ಹೋಬಳಿ ಸೇರಿಸಿ ಹೇಳಿ. ಹೊಸಹಳ್ಳಿ ಅನ್ನೋ ಊರು ತಾಲೂಕಿಗೊಂದು ಇರುತ್ತೆ, ಹೋಬಳಿ ಹೇಳಿದರೆ ಗೊಂದಲವೇ ಇಲ್ಲ.

---

ಡಲ್ಲಾಸ್_ಕನ್ನಡತಿ
ಸೆಪ್ಟೆಂಬರ್ 17, ಬೆಳಿಗ್ಗೆ 7:30

ಅಮೆರಿಕದ ಟೆಕ್ಸಸ್‌ನಿಂದ ಬರೆಯುತ್ತಿದ್ದೇನೆ. ತವರು ತೀರ್ಥಹಳ್ಳಿ. ಇಲ್ಲಿ ವಸಂತದಲ್ಲಿ ಸುಂಟರಗಾಳಿ, ಆಲಿಕಲ್ಲು ಜಾಸ್ತಿ. ಇಲ್ಲಿನ ರಾಷ್ಟ್ರೀಯ ಹವಾಮಾನ ಸೇವೆಯವರು ಸ್ಕೈವಾರ್ನ್ ಅನ್ನೋ ಕಾರ್ಯಕ್ರಮ ನಡೆಸುತ್ತಾರೆ. ಜನಸಾಮಾನ್ಯರಿಗೆ ಉಚಿತ ತರಬೇತಿ ಕೊಟ್ಟು ಮೋಡ ನೋಡೋದು ಕಲಿಸುತ್ತಾರೆ. ಅದರಲ್ಲಿ ಹ್ಯಾಮ್‌ಗಳು ತುಂಬಾ ಜನ. ನಾನೂ ನನ್ನ ಗಂಡನೂ ಇಬ್ಬರೂ ಇದ್ದೇವೆ.

ರಾಡಾರ್ ಇರುವಾಗ ಮನುಷ್ಯರ ಕಣ್ಣು ಯಾಕೆ ಅಂತ ನನಗೂ ಅನಿಸಿತ್ತು. ತರಬೇತಿಯಲ್ಲಿ ಹೇಳಿದರು, ರಾಡಾರ್ ಕಿರಣ ನೇರ ಹೋಗುತ್ತೆ, ಭೂಮಿ ಬಾಗಿದೆ. ದೂರ ಹೋದಷ್ಟೂ ಕಿರಣ ನೆಲದಿಂದ ಮೇಲೆ ಮೇಲೆ ಹೋಗುತ್ತೆ. ಮೋಡದ ಹೊಟ್ಟೆ ಕಾಣುತ್ತೆ, ಕಾಲು ಕಾಣಲ್ಲ. ಸುಂಟರಗಾಳಿ ಇರೋದು ಕಾಲಲ್ಲಿ. ನಮ್ಮ ಮಲೆನಾಡಲ್ಲಿ ಭೂಮಿ ಬಾಗೋದೂ ಬೇಡ, ಘಟ್ಟವೇ ಅಡ್ಡ ನಿಲ್ಲುತ್ತೆ.

ಅವರು ಹೇಳಿಕೊಟ್ಟ ಮುಖ್ಯ ಪಾಠ: ಕಂಡದ್ದು ಹೇಳಿ, ಅನಿಸಿದ್ದು ಹೇಳಬೇಡಿ. "ಸುಂಟರಗಾಳಿ ಬರೋ ಹಾಗಿದೆ" ಅಂತ ಹೇಳುವಂತಿಲ್ಲ. "ನಾನು ಇಂಥ ರಸ್ತೆ ಕೂಡಲ್ಲಿದ್ದೇನೆ, ನೈಋತ್ಯಕ್ಕೆ ಮೋಡದ ತಳ ಕೆಳಗಿಳಿದಿದೆ, ಅದು ತಿರುಗುತ್ತಿದೆ, ಸಮಯ ಇಷ್ಟು" ಅನ್ನಬೇಕು. ಆಲಿಕಲ್ಲಿಗೆ "ದೊಡ್ಡದು" ಅಂದರೆ ನಡೆಯಲ್ಲ. ಕಾಲು ಡಾಲರ್ ನಾಣ್ಯದಷ್ಟು ಅಂದರೆ 1 ಇಂಚು, ಗಾಲ್ಫ್ ಚೆಂಡಿನಷ್ಟು ಅಂದರೆ ಒಂದೂಮುಕ್ಕಾಲು ಇಂಚು.

ನನ್ನ ಮೊದಲ ವರದಿ ಈಗಲೂ ನೆನಪಿದೆ. ಕಾರು ಪಕ್ಕಕ್ಕೆ ಹಾಕಿ ಕೂತಿದ್ದೆ. ಕೈ ನಡುಗುತ್ತಿತ್ತು. ನೆಟ್ ಕಂಟ್ರೋಲ್‌ನವರು (ರೇಡಿಯೋದಲ್ಲಿ ಎಲ್ಲರನ್ನೂ ಸರದಿಯಲ್ಲಿ ಮಾತಾಡಿಸೋರು) ನಿಧಾನವಾಗಿ "ಯಾವ ದಿಕ್ಕು?" ಅಂತ ಕೇಳಿದರು. ನಾನು ದಿಕ್ಕೇ ಹೇಳಿರಲಿಲ್ಲ. ಆವತ್ತಿಂದ ಮೊದಲು ದಿಕ್ಕು ನೋಡಿಕೊಂಡೇ ಬಟನ್ ಒತ್ತೋದು.

ಭದ್ರಾದಂಡೆ ಅಣ್ಣ, ನಿಮ್ಮಲ್ಲಿ ನೋಡಬೇಕಾಗಿರೋದು ಮೋಡ ಅಲ್ಲ, ಮಳೆ ಮತ್ತು ಮಣ್ಣು. ನಿಮ್ಮ ಮನೆಯಲ್ಲಿ ಮಳೆ ಅಳೆಯುತ್ತೀರಾ?

---

ಭದ್ರಾದಂಡೆ
ಸೆಪ್ಟೆಂಬರ್ 17, ರಾತ್ರಿ 8:00

ತಂಗೀ, ಅಳೆಯುತ್ತೇವಾ ಅಂತ ಕೇಳಿದಿರಲ್ಲ, ಅಪ್ಪನ ಮಳೆ ಪುಸ್ತಕ 1981ರಿಂದ ಇದೆ! ಅಂಗಳದಲ್ಲಿ ರೈನ್ ಗೇಜ್, ಪಕ್ಕದಲ್ಲಿ ಅಳತೆ ಜಾರ್. ದಿನಾ ಬೆಳಿಗ್ಗೆ ಇಂಚು, ಸೆಂಟ್ಸ್ (ಇಂಚಿನ ನೂರನೇ ಭಾಗ) ಲೆಕ್ಕದಲ್ಲಿ ಬರೆಯುತ್ತಾರೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಅಂತ ನಕ್ಷತ್ರಕ್ಕೊಂದು ಕಾಲಂ. ಕೆಲವು ಕಡೆ ಹಾಳೆಗೆ ಗೆದ್ದಲು ಹಿಡಿದಿದೆ, ಆದರೂ ಓದಬಹುದು. ಮಲೆನಾಡು, ಕೊಡಗಿನ ತೋಟದ ಮನೆಗಳಲ್ಲಿ ಇಂಥ ಪುಸ್ತಕ ಎಷ್ಟೋ ಇವೆ. ಕಾಫಿಗೆ ಹೂಮಳೆ ಎಷ್ಟು ಬಿತ್ತು ಅನ್ನೋದೇ ವರ್ಷದ ಬದುಕು ನಮಗೆ.

ಅದನ್ನು ಯಾರಿಗಾದರೂ ಹೇಳಬೇಕು ಅಂತ ಇಷ್ಟು ವರ್ಷ ಅನಿಸಿರಲಿಲ್ಲ.

---

ಆಂಟೆನಾ_ಜಯನಗರ
ಸೆಪ್ಟೆಂಬರ್ 17, ರಾತ್ರಿ 9:20

ಸಾರ್, ಇದನ್ನು ಓದಿ ನನಗೆ ನಿದ್ದೆ ಬರಲ್ಲ ಇವತ್ತು. ನಿಮ್ಮ ಬಳಿ ಇರೋದು ಚಿನ್ನ.

ವಯನಾಡಿನದ್ದು ನೆನಪಿದೆಯಲ್ಲ? 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋಯ್ತು. ಅಲ್ಲಿ ಕಲ್ಪೆಟ್ಟಾದ ಹ್ಯೂಮ್ ಸೆಂಟರ್ ಅನ್ನೋ ಸಂಸ್ಥೆ ಜಿಲ್ಲೆಯಲ್ಲೆಲ್ಲ ಸುಮಾರು ಇನ್ನೂರು ಮಳೆಮಾಪಕ ಇಟ್ಟಿದೆ. ಅಳೆದು ಹೇಳುವವರು ಊರಿನ ಜನರೇ. ಹಿಂದಿನ ದಿನವೇ ಆ ಲೆಕ್ಕ ನೋಡಿ ಭೂಕುಸಿತದ ಎಚ್ಚರಿಕೆ ಕೊಟ್ಟಿದ್ದರು. ದುರಂತದ ನಂತರ ಹ್ಯಾಮ್‌ಗಳು ಕಲ್ಪೆಟ್ಟಾದ ಕಲೆಕ್ಟರ್ ಕಚೇರಿಯಲ್ಲಿ ಸ್ಟೇಷನ್ ಹಾಕಿ ಮೇಲಿನ ಜಾಗದ ಜೊತೆ ಸಂಪರ್ಕ ಇಟ್ಟುಕೊಂಡರು. ಅಂದರೆ ಮಳೆ ಅಳೆಯೋರೂ ಇದ್ದರು, ರೇಡಿಯೋದವರೂ ಇದ್ದರು. ನನಗೆ ಆಗಿನಿಂದ ಕಾಡುತ್ತಿರೋದು ಇದೇ: ಇಬ್ಬರೂ ಮೊದಲಿನಿಂದ ಒಟ್ಟಿಗೆ ಇದ್ದಿದ್ದರೆ? ಮಳೆ ಜೋರಾದಾಗ ಫೋನ್ ಹೋಗುತ್ತೆ. ಫೋನ್ ಹೋದಾಗ ಮಳೆ ಲೆಕ್ಕವೂ ನಿಲ್ಲುತ್ತೆ. ಯಾವ ರಾತ್ರಿ ಲೆಕ್ಕ ಬೇಕೋ ಅದೇ ರಾತ್ರಿ ಇರಲ್ಲ.

ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲೆಲ್ಲ ತಾನೇ ವರದಿ ಕಳಿಸುವ ಮಳೆಮಾಪಕ ಇಟ್ಟಿದ್ದಾರೆ. ದೊಡ್ಡ ಕೆಲಸ ಅದು. ಆದರೆ ಅದೂ ಮೊಬೈಲ್ ಜಾಲದ ಮೇಲೆ ನಿಂತಿದೆ. ಮತ್ತೆ ಮಲೆನಾಡಲ್ಲಿ ಈ ಗುಡ್ಡದ ಮಳೆ ಆ ಗುಡ್ಡಕ್ಕಿರಲ್ಲ.

ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅದಕ್ಕೂ ಮೇಲಿನದು. ನಿಮ್ಮ ಅಪ್ಪನ ಪುಸ್ತಕದಲ್ಲಿ ಅದು ಎರಡೂವರೆ ಇಂಚು, ನಾಲ್ಕೂವರೆ ಇಂಚು, 8 ಇಂಚು. ಅಷ್ಟು ನೆನಪಿದ್ದರೆ ಸಾಕು.

---

ಮಡಿಕೇರಿ_ಟೀಚರ್
ಸೆಪ್ಟೆಂಬರ್ 18, ಬೆಳಿಗ್ಗೆ 6:40

ಮಳೆ ಲೆಕ್ಕದ ಜೊತೆ ಮಣ್ಣನ್ನೂ ನೋಡಿ ಅಣ್ಣ. ನಮ್ಮ ಹಿರಿಯರು ಆಮೇಲೆ ಹೇಳಿದ್ದು ಕೇಳಿ ನನಗೆ ಹೊಟ್ಟೆ ಉರಿಯಿತು. ಗದ್ದೆ ಬದಿಯಲ್ಲಿ ಎಂದೂ ಇಲ್ಲದ ಕಡೆ ಒರತೆ ಎದ್ದಿತ್ತಂತೆ. ಹಳ್ಳದ ನೀರು ಕೆಂಪಗಾಗಿತ್ತಂತೆ. ಒಂದು ಕಡೆ ಅಷ್ಟು ಮಳೆಯಲ್ಲೂ ಹಳ್ಳ ಇದ್ದಕ್ಕಿದ್ದ ಹಾಗೆ ಸಣ್ಣಗಾಗಿತ್ತಂತೆ. ಮೇಲೆ ಎಲ್ಲೋ ಮಣ್ಣು ಕಟ್ಟಿ ನಿಂತಿರುತ್ತೆ, ಆಮೇಲೆ ಒಟ್ಟಿಗೆ ಬರುತ್ತೆ. ಅಂಗಳದಲ್ಲಿ ಬಿರುಕು, ವಾಲಿದ ಮರ, ಬಾಗಿಲು ಮುಚ್ಚೋಕೆ ಬಿಗಿಯಾಗೋದು. ಎಲ್ಲರೂ ನೋಡಿದ್ದರು, ಬರೆದುಕೊಂಡವರು ಯಾರೂ ಇಲ್ಲ.

---

ನಿವೃತ್ತ_ವೈರ್‌ಲೆಸ್
ಸೆಪ್ಟೆಂಬರ್ 18, ಬೆಳಿಗ್ಗೆ 10:00

ಒಂದು ಎಚ್ಚರ. "ಗುಡ್ಡ ಕುಸಿಯುತ್ತೆ" ಅಂತ ನೀವೇ ತೀರ್ಮಾನಿಸಿ ವಾಟ್ಸಾಪಿನಲ್ಲಿ ಹಾಕಬೇಡಿ. ಡಲ್ಲಾಸ್ ತಂಗಿ ಹೇಳಿದ ಹಾಗೆ ಕಂಡದ್ದನ್ನು ಕಂಟ್ರೋಲ್ ರೂಮಿಗೆ ಹೇಳಿ. ಆದರೆ ನಿಮ್ಮ ಮನೆ ಹಿಂದಿನ ಧರೆಯಲ್ಲೇ ಬಿರುಕು ಕಂಡರೆ ಯಾರ ಅಪ್ಪಣೆಗೂ ಕಾಯಬೇಡಿ. ಮೊದಲು ಮನೆ ಬಿಡಿ, ಆಮೇಲೆ ರೇಡಿಯೋ.

---

ಕರಾವಳಿ_ಹುಡುಗಿ
ಸೆಪ್ಟೆಂಬರ್ 18, ಸಂಜೆ 5:15

ಖರ್ಚಿನ ಬಗ್ಗೆ ಯಾರೂ ಹೇಳಲಿಲ್ಲ. ದೊಡ್ಡ ಕಂಪನಿಯ ಎಚ್‌ಎಫ್ ಸೆಟ್, ಅಂದರೆ ಮೇಲೆ ಹೇಳಿದ 40, 80 ಮೀಟರ್ ಬ್ಯಾಂಡಿನದ್ದು, ದುಬಾರಿ. ಹೈದರಾಬಾದಿನ ಅಶರ್ ಫರ್ಹಾನ್ ಅವರು ರೂಪಿಸಿದ ಬಿಟ್‌ಎಕ್ಸ್ ಅಂತ ಸೆಟ್ ಇದೆ. ನಮ್ಮಲ್ಲಿ ಸಿಗುವ ಬಿಡಿಭಾಗಗಳಲ್ಲೇ ಕಟ್ಟುವ ಹಾಗೆ ಮಾಡಿದ್ದು, ಪ್ರಪಂಚದಲ್ಲೆಲ್ಲ ಜನ ಕಟ್ಟಿದ್ದಾರೆ. ನಾನು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿದೆ. ಕೆಲವೇ ವಾಟ್. ಆದರೂ ಹಗಲು ಹೊತ್ತು ಬೆಂಗಳೂರು ಆರಾಮಾಗಿ ಕೇಳುತ್ತೆ.

ಬ್ಯಾಟರಿಗೆ ಸೋಲಾರ್ ನಂಬಬೇಡಿ ಅಣ್ಣ. ಜುಲೈಯಲ್ಲಿ ಮಲೆನಾಡಲ್ಲಿ ಸೂರ್ಯ ಎಲ್ಲಿ?

---

ಭದ್ರಾದಂಡೆ
ಸೆಪ್ಟೆಂಬರ್ 18, ರಾತ್ರಿ 8:30

ಬ್ಯಾಟರಿ ಚಿಂತೆ ನಮಗಿಲ್ಲ ತಂಗಿ. ಮನೆ ಹಿಂದಿನ ಹಳ್ಳಕ್ಕೆ ಸಣ್ಣ ಟರ್ಬೈನ್ ಹಾಕಿದ್ದೇವೆ. ನಮ್ಮ ಕಡೆ ಹಲವು ಮನೆಗಳಲ್ಲಿ ಇದೆ. ಬೇಸಿಗೆಯಲ್ಲಿ ನಿಲ್ಲುತ್ತೆ, ಮಳೆಗಾಲದಲ್ಲಿ ಹಗಲು ರಾತ್ರಿ ತಿರುಗುತ್ತೆ. ಕಸ ಕಟ್ಟದ ಹಾಗೆ ನೋಡಿಕೊಂಡರೆ ಆಯ್ತು.

ಪರೀಕ್ಷೆಗೆ ಓದೋಕೆ ಶುರು ಮಾಡಿದೆ. ಮಗಳು ಎಂಟನೇ ಕ್ಲಾಸು, ಅವಳಿಗೂ ಹದಿಮೂರಾಯ್ತು. ಇಬ್ಬರೂ ಒಟ್ಟಿಗೆ ಓದುತ್ತಿದ್ದೇವೆ. ಓಮ್‌ನ ನಿಯಮ ಅವಳೇ ನನಗೆ ಹೇಳಿಕೊಟ್ಟಿದ್ದು.

---

ಆಂಟೆನಾ_ಜಯನಗರ
ಸೆಪ್ಟೆಂಬರ್ 18, ರಾತ್ರಿ 9:00

ಮಳೆ ಬಂದಷ್ಟೂ ಬ್ಯಾಟರಿ ತುಂಬುವ ಸ್ಟೇಷನ್! ನಮಗೆ ಯಾರಿಗೂ ಇಂಥ ಭಾಗ್ಯ ಇಲ್ಲ. ಆದರೂ ಬ್ಯಾಟರಿ ಉಳಿಸೋ ಅಭ್ಯಾಸ ಇರಲಿ. ಸೆಟ್ ಇಡೀ ದಿನ ಆನ್ ಇಡಬೇಡಿ. ಪ್ರತಿ ಗಂಟೆಯ ಮೊದಲ ಹತ್ತು ನಿಮಿಷ ಅಂತ ಎಲ್ಲರೂ ಮಾತಾಡಿಕೊಂಡರೆ ಸಾಕು. ಇನ್ನು ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಗೆ ಆಂಟೆನಾ ಕೇಬಲ್ ಕಳಚಿ ಮನೆಯಿಂದ ಹೊರಗೆ ಹಾಕಿ. ಸಿಡಿಲು ಇರುವಾಗ ಮಾತು ಬೇಡವೇ ಬೇಡ.

---

ಭದ್ರಾದಂಡೆ
ಮರುವರ್ಷ, ಜುಲೈ 6, ಬೆಳಿಗ್ಗೆ 9:40

ತುಂಬಾ ದಿನದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದೆವು. ಇಬ್ಬರೂ ಪಾಸ್. ಮಗಳಿಗೆ ನನಗಿಂತ ಜಾಸ್ತಿ ಅಂಕ. ಲೈಸೆನ್ಸ್ ಕೈಗೆ ಬಂದು ಮೂರು ವಾರ ಆಯ್ತು. ಕರಾವಳಿ ತಂಗಿ ತಾನೇ ಬಂದು ಸೆಟ್ ಕಟ್ಟೋಕೆ ಕೂತಳು, ಎರಡು ದಿನ ನಮ್ಮನೆಯಲ್ಲೇ ಇದ್ದಳು. ಜಯನಗರದ ಸಾರ್ ಫೋನಲ್ಲಿ ಹೇಳುತ್ತಾ ಹೋದರು, ನಾವು ಸಿಲ್ವರ್ ಓಕ್‌ಗೆ ರಾಟೆ ಕಟ್ಟಿದೆವು. ಮರಳಿನ ಕ್ಯಾನ್ ಮೊನ್ನೆಯ ಗಾಳಿಗೆ ಮೇಲೆ ಕೆಳಗೆ ಆಡಿದ್ದನ್ನು ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ತಹಶೀಲ್ದಾರ್ ಕಚೇರಿಗೂ ಹೋಗಿ ಬಂದೆ. ಅಲ್ಲಿನ ಕಂಟ್ರೋಲ್ ರೂಮಿನ ಹುಡುಗ ನನ್ನ ಹೆಸರು, ಊರು, ತರಂಗ ಎಲ್ಲ ಗೋಡೆಯ ಪಟ್ಟಿಯಲ್ಲಿ ಬರೆದುಕೊಂಡ.

ದಿನಾ 8:30ಕ್ಕೆ ಮಳೆ ಅಳೆಯೋದು, 8:45ಕ್ಕೆ ನೆಟ್, ಅಂದರೆ ಎಲ್ಲ ಸ್ಟೇಷನ್‌ಗಳೂ ಒಂದೇ ತರಂಗದಲ್ಲಿ ಸೇರೋದು. ಮೊದಮೊದಲು ಮೂವರಿದ್ದೆವು. ಈಗ ಒಂಬತ್ತು ಸ್ಟೇಷನ್. ಒಬ್ಬರಿಗೆ ರೇಡಿಯೋ ಇಲ್ಲ, ಮಳೆ ಪುಸ್ತಕ ಮಾತ್ರ ಇದೆ. ಅವರ ಲೆಕ್ಕ ನಾನು ನಡೆದು ಹೋಗಿ ತರುತ್ತೇನೆ.

ಕರೆಂಟ್ ನಿನ್ನೆ ಮಧ್ಯಾಹ್ನ ಹೋಗಿದೆ. ಸಿಗ್ನಲ್ ರಾತ್ರಿ ಹೋಯ್ತು, ಈಗ ಗುಡ್ಡದ ಮೇಲೆ ನಿಂತು ಇದನ್ನು ಕಳಿಸುತ್ತಿದ್ದೇನೆ, ಹೋಗುತ್ತೋ ಇಲ್ಲವೋ ನೋಡಬೇಕು. ಪುನರ್ವಸು ಮಳೆ ಹುಟ್ಟಿದ ದಿನವೇ ಜೋರಾಗಿದೆ. ಇವತ್ತು ಬೆಳಿಗ್ಗೆ ಮಗಳು ನೆಟ್‌ನಲ್ಲಿ ಓದಿದ್ದನ್ನು ಅವಳ ಪುಸ್ತಕದಿಂದ ಹಾಗೇ ಇಲ್ಲಿ ಹಾಕುತ್ತೇನೆ.

ಸಂದೇಶ ನಂಬರ್ ಎರಡು ಎರಡು. ಸಮಯ ಎಂಟು ನಾಲ್ಕು ಏಳು. ಕಳಸ ಹೋಬಳಿಯಿಂದ. ಮಳೆ 24 ಗಂಟೆಗೆ ಆರು ಇಂಚು ಎರಡು ಸೊನ್ನೆ ಸೆಂಟ್ಸ್. ತಿರುಗಿ ಹೇಳುತ್ತೇನೆ, ಎರಡು ಸೊನ್ನೆ. ಹಳ್ಳದ ನೀರು ಕೆಂಪು, ದಂಡೆಗೆ ಎರಡು ಅಡಿ ಬಾಕಿ. ಮನೆ ಹಿಂದಿನ ಧರೆಯಲ್ಲಿ ಬಿರುಕು ಇಲ್ಲ. ಮೇಲಿನ ಮನೆಯ ಗದ್ದೆ ಬದಿಯಲ್ಲಿ ಹೊಸ ಒರತೆ ಒಂದು, ನಿನ್ನೆ ಇರಲಿಲ್ಲ. ಆ ಮನೆಯವರು ಐದು ಜನ, ರಾತ್ರಿಯೇ ನಮ್ಮನೆಗೆ ಬಂದಿದ್ದಾರೆ. ಎಲ್ಲರೂ ಕ್ಷೇಮ. ಓವರ್.

ಬೆಂಗಳೂರಿನಿಂದ ಪೂರ್ತಿ ತಿರುಗಿ ಓದಿದರು. ಒರತೆಯ ವಿಷಯ ಕಂಟ್ರೋಲ್ ರೂಮಿಗೆ ದಾಟಿಸಿದ್ದಾರೆ. ಗಂಟೆಗೊಮ್ಮೆ ಹತ್ತು ನಿಮಿಷ ಸೆಟ್ ಆನ್ ಇಡುತ್ತೇವೆ. ಹತ್ತು ಗಂಟೆಗೆ ಒಳಗೆ ಇರಬೇಕು, ಇಳಿಯುತ್ತೇನೆ.